ಒಂದೇ ಒಲೆಯೆಂದ ಮಾಯವ್ವ

ಬಾಗಲಕೋಟೆಯ ಹಳೇ ಊರಿನಲ್ಲಿ, ಹೊಳೆಯ ಕಡೆಗಿನ ಓಣಿಯಲ್ಲಿ ಮಾಯವ್ವನ ಮಾತೆಂದರೆ ಮಾತು. ಬೇರೆಯಾಗಲು ಹೊರಟ ಅಣ್ಣತಮ್ಮಂದಿರನ್ನು ಕಟ್ಟೆಗೆ ಕೂರಿಸಿ, ಬೈದು, ಚಹಾ ಕುಡಿಸಿ ಒಂದು ಮಾಡಿ ಕಳಿಸುತ್ತಿದ್ದಳು. ಅಂಥವಳ ಮನೆಯೇ ಒಳಗೊಳಗೆ ಒಡೆದಿತ್ತೆಂದರೆ ಯಾರು ನಂಬಿಯಾರು?

ಒಡೆದದ್ದಾದರೂ ಯಾತಕ್ಕೆ? ಬದನೆಕಾಯಿ ಎಣಗಾಯಿಗೆ ಉಪ್ಪು ಹೆಚ್ಚಾಯಿತೆಂಬ ಮಾತಿಗೆ! ಮೈದುನ ಮುದಕಪ್ಪನ ಹೆಂಡತಿ ರೇಣವ್ವ ಅಂದೇ ಹಿತ್ತಲ ಕೋಣೆಯಲ್ಲಿ ತನ್ನ ಒಲೆ ಹೂಡಿದಳು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನೆಗೆಣ್ಣಿಯರ ಜಗಳಕ್ಕೆ ಆ ಗಡುವು ಎಲ್ಲಿದೆ? ಎರಡು ವರ್ಷವಾದರೂ ಒಲೆ ಎರಡೇ. ಹಿತ್ತಲಿನ ಹೊಗೆ ಸ್ನಾನದ ನೀರಿನದು ಎಂದು ಮಾಯವ್ವ ಓಣಿಗೆಲ್ಲ ಹೇಳಿಟ್ಟಿದ್ದಳು. ಗಂಡ ಮಾಳಪ್ಪ ಕಂಬಳಿ ವ್ಯಾಪಾರದವ, ಹೂಂ ಅನ್ನುವುದರ ಹೊರತು ಹೆಚ್ಚು ಮಾತಿನವನಲ್ಲ.

ಎಂಬತ್ತಮೂರರಲ್ಲಿ ಮನೆ ಎಣಿಸುವವರು ಬಂದರು. ಆಲಮಟ್ಟಿಯ ನೀರು ನಿಂತರೆ ಹಳೇ ಊರು ಮುಳುಗುತ್ತದೆ, ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಬೇಕು, ಅದರಲ್ಲಿ ಸಾಹುಕಾರನಿಗೂ ಹಮಾಲನಿಗೂ ನೆಲೆ ಸಿಗಬೇಕು ಎಂಬುದು ಯೋಜನೆ. ಒಲೆಗೊಂದು ಜಾಗ ಎಂದು ಗುಮಾಸ್ತ ಬಿಡಿಸಿಯೇ ಹೇಳಿದ. ಎದುರು ಮನೆಯ ಲಾಡಬಿ ಸಂಕೋಚಪಡದೆ ಮೂರು ಒಲೆ ಬರೆಸಿ, ಇನ್ನು ಮಾಯವ್ವ ಏನು ಹೇಳುತ್ತಾಳೋ ನೋಡೋಣವೆಂದು ಕಟ್ಟೆಯ ಮೇಲೆ ನಿಂತಿದ್ದಳು.

ಗಂಡಸರು ಮನೆಯಲ್ಲಿರಲಿಲ್ಲ. ಊರು ಮುಳುಗುವ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತ ಬಂದಿದ್ದ ಮಾಯವ್ವನಿಗೆ ಅದು ಬರೀ ಕಥೆ. ಲಾಡಬಿಯ ಕಣ್ಣು ಮಾತ್ರ ಕಥೆಯಲ್ಲ. "ನಮ್ಮದು ಕೂಡಿದ ಮನಿರಿ. ಒಂದ ಒಲಿ," ಅಂದಳು. ಬಾಗಿಲ ಹಿಂದೆ ನಿಂತಿದ್ದ ರೇಣವ್ವ ತುಟಿ ಬಿಚ್ಚಲಿಲ್ಲ. ಹೊರಗಿನವರ ಮುಂದೆ ಹಿರಿಯಳ ಮಾತು ಮುರಿಯುವುದುಂಟೆ? ಮಾಯವ್ವ ಹೆಬ್ಬೆಟ್ಟು ಒತ್ತಿದಳು.

ಐದು ವರ್ಷದ ಮೇಲೆ ಯಾರಿಗೆ ಎಷ್ಟು ಜಾಗವೆಂಬ ಯಾದಿ ಅಂಟಿಸಿದರು. ಲಾಡಬಿಯ ಮನೆಗೆ ಮೂರು ಜಾಗ. ಇವರಿಗೆ ಒಂದೇ, ಅದೂ ಮಾಳಪ್ಪನ ಹೆಸರಿಗೆ. ಮಾರುಕಟ್ಟೆಯಲ್ಲಿ ಚೀಲ ಹೊರುವ ಮುದಕಪ್ಪ ಅಲ್ಲಿಂದ ನೇರ ಬಂದು ಅಂಗಳದಲ್ಲಿ ನಿಂತು ಅತ್ತಿಗೆಯನ್ನು ಕರೆದ. "ಜಾಗಾ ನುಂಗಾಕ ನನ್ನ ಒಲಿ ಮುಚ್ಚಿದಿ, ವೈನಿ," ಅಂದ. ಅಷ್ಟೇ ಅಂದದ್ದು.

ಮರುದಿನವೇ ಮಾಯವ್ವ ಜಾಗ ಹಂಚುವ ಕಚೇರಿಗೆ ಹೋದಳು. ಓಣಿಯ ಅರ್ಧ ಜನ ಅಲ್ಲೇ ಸಾಲುಗಟ್ಟಿದ್ದರು. ಅವರೆಲ್ಲ ಕೇಳುವಂತೆಯೇ, ನಮ್ಮ ಮನೆ ಒಡೆದು ಏಳು ವರ್ಷವಾಯಿತು, ಊರವರ ಮನೆ ಕೂಡಿಸಿದ ನನಗೆ ನನ್ನ ಮನೆ ಕೂಡಿಸಲಾಗಲಿಲ್ಲ, ಎರಡು ಒಲೆ ಎಂದು ಬರಕೊಳ್ಳಿ ಎಂದಳು. ಇಷ್ಟು ವರ್ಷ ಸೆರಗಿನಲ್ಲಿ ಕಟ್ಟಿಟ್ಟ ಮಾತು! ಗುಮಾಸ್ತ ಒಳ್ಳೆಯವನೇ. ಕಡತ ತೆಗೆದು ತೋರಿಸಿದ. "ಖರೆ ಇರಬಹುದು ಅವ್ವಾರ. ಆದ್ರ ಹೆಬ್ಬೆಟ್ಟು ನಿಮ್ಮದ ಐತಿ. ಯಾದಿ ಮುಗದೈತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಾಗ ಬರಲಿಲ್ಲ, ಕಾಪಾಡಿದ್ದ ಮಾನವೂ ಸಂಜೆಯೊಳಗೆ ಓಣಿಯ ಪಾಲಾಯಿತು. ಇರುವ ಜಾಗದಲ್ಲೇ ಅರ್ಧ ತಗೋ ಎಂದು ಮಾಳಪ್ಪ ತಮ್ಮನನ್ನು ಕರೆದ. ಭಿಕ್ಷೆ ಬೇಡವೆಂದ ಮುದಕಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಮೀನಗಡಕ್ಕೆ ನಡೆದ. ಅಲ್ಲಿ ಕರದಂಟಿನ ಅಂಗಡಿಯೊಂದರಲ್ಲಿ ಕೆಲಸ, ಬಾಡಿಗೆಗೆ ಒಂದೇ ಖೋಲಿ.

ಮೂರು ತಿಂಗಳು ಹಲ್ಲು ಕಚ್ಚಿ ಕೂತ ಮಾಯವ್ವ ಒಂದು ಮುಂಜಾನೆ ಬಸ್ಸು ಹತ್ತಿದಳು. ರೇಣವ್ವ ಕಾಲಿಗೆ ನೀರು ಕೊಟ್ಟಳು, ಬಿಸಿ ರೊಟ್ಟಿ ಹಾಕಿದಳು. ಮಾಯವ್ವ ತಾಟನ್ನು ಬದಿಗೆ ಸರಿಸಿದಳು.

"ಜಾಗದ ಆಸೆಗೆ ಮಾಡ್ಲಿಲ್ಲವ್ವಾ ನಾ."

"ಗೊತ್ತೈತಿ ಅಕ್ಕಾ. ನೀ ಆಸೆಗೆ ಮಾಡಿದ್ರ ಓಣಿ ಕೂಡಿಸಿ ಜಗಳಾ ತೆಗೀತಿದ್ನಿ. ನೀ ಮರ್ಯಾದಿಗೆ ಅಂಜಿ ಹೇಳಿದಿ, ನಾನೂ ಅದಕ್ಕ ಅಂಜಿ ಬಾಗಲಾ ಹಿಂದ ಸುಮ್ಮನ ನಿಂತ್ನಿ. ಈಗ ಯಾರ ಜೋಡಿ ಜಗಳಾಡ್ಲಿ?"

ಬಸ್ಸಿನ ಹೊತ್ತಾಗುವ ತನಕ ಇಬ್ಬರೂ ಕೂತು ಅತ್ತರು.