ಚೈತ್ರಾ ಹೊಡೆಯುತ್ತಾಳೆ

ನಾನು ಸೋಮಾರಿ ಎನ್ನುವುದು ಆನವಟ್ಟಿಯ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನಕ್ಕೆ ಹೇಳಲು ನನಗೇ ಸೋಮಾರಿತನ. ಇಂಥವನನ್ನು ಶಿಶುವಿಹಾರದವರು ಹದಿನೆಂಟು ಮಕ್ಕಳ ಮೇಷ್ಟ್ರು ಮಾಡಿ, ಯಾವ ಮಗು ಏನು ಕಲಿಯಿತು ಎಂದು ದಿನಾ ಫೈಲಿನಲ್ಲಿ ಬರೆಯಬೇಕೆಂದರು. ಹೇಗೆ ಬರೆಯಬೇಕೆಂದು ಶಿಕಾರಿಪುರದ ತರಬೇತಿಯಲ್ಲಿ ಹೇಳಿದ್ದರಂತೆ. ನನಗೆ ನೆನಪಿರುವುದು ಅಲ್ಲಿಯ ಉಪ್ಪಿಟ್ಟು ಮಾತ್ರ. ನೀವೇ ಹೇಳಿ, ಹದಿನೆಂಟು ಮೂಗು ಒರೆಸಿದ ಕೈಗೆ ಪೆನ್ನು ಹಿಡಿಯುವ ತ್ರಾಣ ಎಲ್ಲಿಂದ ಬರಬೇಕು? ಮೊಬೈಲಿನ ಎಐಗೆ ಶರಣಾದೆ.

ನಾನು ಒಂದು ಸಾಲು ಹೇಳಿದರೆ ಅದು ಒಂದು ಪುಟ ಬರೆಯುತ್ತಿತ್ತು. 'ಬಳೆ ಅಂಗಡಿಯವರ ಸಾನಿಯಾ ಮಣ್ಣು ತಿಂದಳು' ಎಂದರೆ, 'ಪರಿಸರವನ್ನು ಪಂಚೇಂದ್ರಿಯಗಳಿಂದ ಅನ್ವೇಷಿಸಿದಳು.' ನಮ್ಮ ಕಡೆಯ ಹಳೇ ಶಾಸನಗಳಲ್ಲೂ ರಾಜನ ಹೊಗಳಿಕೆ ಹತ್ತು ಸಾಲು, ಅವನು ಕೊಟ್ಟ ಗದ್ದೆ ಅರ್ಧ ಸಾಲು. ಎಐ ಅದೇ ವಂಶದ್ದಿರಬೇಕು.

ಎಡವಟ್ಟಾದದ್ದು ಚೈತ್ರಾಳ ಪುಟದಲ್ಲಿ. ಕುಬಟೂರಿನ ಕುರಿ ಸಾಕುವ ಮನೆಯ ನಾಲ್ಕು ವರ್ಷದ ಹುಡುಗಿ; ಶಾಲೆಯಲ್ಲಿ ಬಾಯಿ ಬಿಡುವುದು ಊಟಕ್ಕಷ್ಟೇ. ಶಾಲೆ ಬಿಟ್ಟಾಗ ಮಾತ್ರ ಬಾಗಿಲಲ್ಲಿ ನಿಂತು, ಹೊರಡುವ ಪ್ರತಿಯೊಬ್ಬರ ಬೆನ್ನಿಗೂ ಒಂದೊಂದು ಕೊಡುತ್ತಿದ್ದಳು. 'ಚೈತ್ರಾ ಎಲ್ಲರಿಗೂ ಹೊಡೆಯುತ್ತಾಳೆ' ಎಂದು ನಾನು ಹೇಳಿದೆ. 'ಆಕ್ರಮಣಕಾರಿ ವರ್ತನೆ, ಇತರ ಮಕ್ಕಳ ಸುರಕ್ಷತೆಗೆ ಅಪಾಯ' ಎಂದು ಅದು ಬರೆಯಿತು. ಓದುವ ತಾಪತ್ರಯವನ್ನೂ ಇಟ್ಟುಕೊಳ್ಳದೆ ಅವಳಪ್ಪನ ಮೊಬೈಲಿಗೆ ಕಳಿಸಿಬಿಟ್ಟೆ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಅವಳಮ್ಮ ಮಾಳಮ್ಮ ಬಂದರು.

"ಸರ, ಇವ್ರಪ್ಪ ಇವತ್ತೇ ಹೆಸ್ರು ತೆಗೆಸ್ಕೊಂಡು ಬಾ ಅಂದಾರೆ. ಕಂಡೋರ್ ಮಕ್ಳಿಗೆ ಹೊಡ್ಯ ಹುಡುಗಿಗೆ ಸಾಲಿ ಬ್ಯಾಡ, ಕುರಿ ಹಿಂದೆ ಹೋಗ್ಲಿ ಅಂತ. ಯಾರಿಗ್ರೀ ಹೊಡೆದ್ಲು?"

ಬಾಗಿಲ ಕಡೆ ಕೈ ತೋರಿಸಿದೆ. ಚೈತ್ರಾ ಆಗಲೇ ಕೆಲಸ ಶುರು ಮಾಡಿದ್ದಳು. ಮಾಳಮ್ಮ ಒಂದು ಗಳಿಗೆ ನೋಡಿ, ಸೆರಗು ಬಾಯಿಗೊತ್ತಿ ನಕ್ಕುಬಿಟ್ಟರು.

"ಅಯ್ಯ ಸರ, ಅದು ಹೊಡ್ಯದಲ್ರೀ, ಎಣ್ಸದು! ಹಟ್ಟಿಯಿಂದ ಕುರಿ ಬಿಡಾವಾಗ ಹಿಂಗೇ ಒಂದೊಂದರ ಬೆನ್ನು ಮುಟ್ಟಿ ಬಿಡ್ತೀವಿ. ಒಂದು ಎರ್ಡು ಬರಲ್ಲ ಅವ್ಳಿಗೆ. ಆದ್ರೆ ಯಾವ್ದು ಬಂದಿಲ್ಲ ಅಂತ ಗೊತ್ತಾಗ್ತದೆ. ನಿಮ್ ಮೊಬೈಲು ಕುರಿ ಕಾದಿಲ್ಲೇನ್ರೀ?"

ಮಕ್ಕಳೆಲ್ಲ ಅಂಗಳಕ್ಕೆ ಇಳಿದರು. ಚೈತ್ರಾ ಮಾತ್ರ ಬಾಗಿಲು ಬಿಡಲಿಲ್ಲ.

"ಎಲ್ರೂ ಆಯ್ತಲ್ಲೇ, ಬಾ" ಎಂದೆ.

"ಸಾನಿಯಾ ಇಲ್ಲ" ಎಂದಳು.

ಶಾಲೆಯಲ್ಲಿ ಅವಳ ಮೊದಲ ಮಾತು. ಒಳಗೆ ಹೋಗಿ ನೋಡಿದರೆ, ಸುತ್ತಿಟ್ಟ ಚಾಪೆಗಳ ಹಿಂದೆ ಸಾನಿಯಾ ಗೊರಕೆ ಹೊಡೆಯುತ್ತಿದ್ದಾಳೆ. ಅವಳು 'ಗುಂಪು ಆಟದಲ್ಲಿ ಉತ್ಸಾಹದಿಂದ ಭಾಗವಹಿಸಿದಳು' ಎಂಬ ವರದಿ ಆಗಲೇ ಅವರ ಮನೆ ತಲುಪಿತ್ತು. ಇನ್ನೊಂದು ನಿಮಿಷವಾಗಿದ್ದರೆ ನಾನು ಬೀಗ ಹಾಕಿರುತ್ತಿದ್ದೆ. ಅವಳನ್ನು ಎತ್ತಿಕೊಂಡು ಹೊರಗೆ ತಂದೆ.

"ಇವ್ರಪ್ಪಂಗೆ ಎಂತ ಹೇಳ್ಲಿ ಸರ?"

ಪೆನ್ನು ಹುಡುಕಿ ತೆಗೆದು ನಾನೇ ಬರೆದೆ: 'ಚೈತ್ರಾ ಎಲ್ಲರನ್ನೂ ಎಣಿಸುತ್ತಾಳೆ. ಇವತ್ತು ಒಂದು ಮಗುವನ್ನು ಉಳಿಸಿದಳು. ಅವಳು ಶಾಲೆಗೆ ಬೇಕು. ತಪ್ಪು ನನ್ನದು.' ಓದಿ ಹೇಳಿದೆ.

"ಇಷ್ಟೇನಾ? ನಿನ್ನೆ ಪುಟ ತುಂಬ ಇತ್ತಲ್ರೀ!"

"ನಿನ್ನೆ ನೋಡದೇ ಬರೆದಿದ್ದೆ, ಅಮ್ಮ."

ಮಾಳಮ್ಮ ಚೀಟಿಯನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡರು. ನಾನು ಬೀಗ ಹಾಕಿ ತಿರುಗುವಷ್ಟರಲ್ಲಿ, ಬೆನ್ನು ಎಟುಕದೆ ಮೊಣಕಾಲಿಗೇ ಒಂದು ಬಿತ್ತು. ಚೆನ್ನಾಗೇ ನೋಯಿತು. ನಾನೂ ಅವಳ ಎಣಿಕೆಗೆ ಸಿಕ್ಕ ಖುಷಿಯಲ್ಲಿ ಅದನ್ನು ಫೈಲಿಗೆ ಬರೆಯಲಿಲ್ಲ.