ಮಲಗಿಸಿ ಅಳೆಯಬಾರದ ಪಾದಗಳು

ಬಳ್ಳಾರಿ ಸೀಮೆಗೆ ಬಂದ ಮೊದಲ ತಿಂಗಳಲ್ಲೇ ಒಬ್ಬ ಅಜ್ಜಿ ನನ್ನ ಕೈಯಿಂದ ಅಳತೆಯ ಟೇಪು ಕಿತ್ತುಕೊಂಡು ಅಂಗಳಕ್ಕೆ ಎಸೆದರು. ಕುರುಗೋಡಿನ ಹತ್ತಿರದ ಬಾದನಹಟ್ಟಿಯಲ್ಲಿ, ನಡುಹಗಲು, ಓಣಿಯ ಹೆಂಗಸರೆಲ್ಲ ನೋಡುತ್ತಿರುವಾಗ. ಅಜ್ಜಿಯ ಹೆಸರು ಬಸಮ್ಮ. ಆರು ವರ್ಷದ ಅವರ ಮೊಮ್ಮಗಳು ನೀಲಾ ಚಾಪೆಯ ಮೇಲೆ ಅಂಗಾತ ಮಲಗಿ ಕಚಗುಳಿಗೆ ನಗುತ್ತಿದ್ದಳು. ನಾನು ಅವಳ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಟೇಪು ಎಳೆದಿದ್ದೆ, ಅಷ್ಟೆ.

“ಏನ್ ಮಾಡಾಕತ್ತಿಯವ್ವಾ? ಜೀವಂತ ಕೂಸನ್ನ ಮಲಗಿಸಿ ಪಾದ ಅಳೀತಾರೇನು? ಕುಣಿ ತೋಡಾಕ ಹೊಂಟೀಯೇನು?”

ಮಂಗಳೂರಿನವಳಾದ ನನಗೆ ಮಾತು ಅರ್ಥವಾಗಲಿಲ್ಲ, ಸಿಟ್ಟು ಅರ್ಥವಾಯಿತು. ಅಜ್ಜಿ ಮೊಮ್ಮಗಳನ್ನು ಬಾಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವಾಪಸು ಬರುವಾಗ ಆಸ್ಪತ್ರೆಯ ಜೀಪಿನ ಡ್ರೈವರು ಬಿಡಿಸಿ ಹೇಳಿದ. ಇಲ್ಲಿನ ಲಿಂಗವಂತರು ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಹೂಳುವ ಗುಂಡಿಗೆ ಕುಣಿ ಎನ್ನುತ್ತಾರೆ. ಅದರ ಉದ್ದಗಲವನ್ನು ಸತ್ತವರ ಪಾದದ ಅಳತೆಯಿಂದಲೇ ಗೊತ್ತುಮಾಡುತ್ತಾರೆ. ಚಿತೆಯನ್ನು ಮಾತ್ರ ಕಂಡಿದ್ದ ನನಗೆ ಇದೆಲ್ಲ ಹೇಗೆ ತಿಳಿಯಬೇಕು? ಆದರೂ ಬಳ್ಳಾರಿ ಮುಟ್ಟುವವರೆಗೆ ನನ್ನ ಕೈಯನ್ನು ನಾನೇ ಸೀರೆಯ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದೆ.

ಪಾದ ಅಳೆಯುವುದೇ ನನ್ನ ಹೊಟ್ಟೆಪಾಡಾಗಿತ್ತು. ಇದು ಎಪ್ಪತ್ತರ ದಶಕದ ಕೊನೆಯ, ಅಂದರೆ ಹನ್ನೊಂದು ವರ್ಷದ ಹಿಂದಿನ ಮಾತು. ಬಳ್ಳಾರಿಯ ಒಂದು ಆಸ್ಪತ್ರೆಗೆ, ಪೋಲಿಯೋ ಆದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಕೆಲಸಕ್ಕೆ ಬಂದಿದ್ದೆ. ಅಲ್ಲಿನ ಮೂಳೆ ಡಾಕ್ಟರಿಗೆ ಒಂದು ಹುಚ್ಚು. ಮಕ್ಕಳು ಬೆಳೆಯುತ್ತಾ ಹೋದಂತೆ ಹಿಮ್ಮಡಿಯ ಹಿಂದಿನ ದಪ್ಪ ನರ, ಪುಸ್ತಕದ ಭಾಷೆಯಲ್ಲಿ ಸ್ನಾಯುರಜ್ಜು, ಹೇಗೆ ಬದಲಾಗುತ್ತದೆಂದು ಅವರಿಗೆ ತಿಳಿಯಬೇಕಿತ್ತು. ಕಾಲಿನ ಎಲುಬು ಸರಸರನೆ ಉದ್ದವಾಗುತ್ತದೆ, ನರ ಹಿಂದೆ ಬೀಳುತ್ತದೆ. ಗಟ್ಟಿಮುಟ್ಟಾದ ಮಕ್ಕಳು ಓಡಿ ಕುಣಿದು ಅದನ್ನು ಹಿಗ್ಗಿಸಿಕೊಳ್ಳುತ್ತಾರೆ. ಪೋಲಿಯೋದಿಂದ ಸೋತ ಕಾಲಿನಲ್ಲಿ ಅದು ಬಿಗಿದುಕೊಂಡು ಹಿಮ್ಮಡಿಯನ್ನು ಮೇಲಕ್ಕೆ ಜಗ್ಗುತ್ತದೆ, ಮಗು ತುದಿಗಾಲಿನಲ್ಲೇ ಉಳಿದುಬಿಡುತ್ತದೆ. ನೀಲಾಳ ಎಡಗಾಲು ಆ ದಾರಿ ಹಿಡಿದಿತ್ತು. ದಿನಾ ಎಳೆದು ಹಿಗ್ಗಿಸಿ, ಪಟ್ಟಿ ಕಟ್ಟಿ, ಬೆಳವಣಿಗೆ ನಿಲ್ಲುವವರೆಗೂ ಕಾಯಬೇಕು. ನಡುವೆ ಬಿಟ್ಟರೆ ಆಮೇಲೆ ನರಕ್ಕೆ ಕತ್ತರಿ ಹಾಕದೆ ಗತಿಯಿಲ್ಲ.

ನನಗಂತೂ ಅಷ್ಟು ವರ್ಷ ಕಾಯುವ ಮನಸ್ಸಿರಲಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಯಲ್ಲಿ ಟ್ರಂಕು ಬಿಚ್ಚದೆ ಮಂಚದಡಿ ಇಟ್ಟಿದ್ದೆ. ಮಂಗಳೂರಿನಲ್ಲಿ ಬೆವರು ಸುರಿದು ಸೆಖೆಯೆಂದು ಗೊತ್ತಾಗುತ್ತದೆ, ಇಲ್ಲಿ ಬಿಸಿಲು ಬೆವರನ್ನೂ ಕುಡಿದುಬಿಡುತ್ತದೆ. ಮೀನಿಲ್ಲ, ಕುಚ್ಚಿಗೆ ಅಕ್ಕಿಯ ಕೆಂಪನ್ನವಿಲ್ಲ. ಸಿರುಗುಪ್ಪದಲ್ಲಿ ಕಾಲುವೆ ನೀರಿಗೆ ಗದ್ದೆ ಬೆಳೆಯುತ್ತಾರೆಂದು ಕೇಳಿ ಆಸೆಯಿಂದ ಹೋದರೆ ಮಲ್ಲಿಗೆ ಮೊಗ್ಗಿನಂಥ ಬಿಳಿ ಅನ್ನ ಬಡಿಸಿದರು. ಉಂಡೆ, ಉಂಡಂತೆ ಅನಿಸಲಿಲ್ಲ. ಹೋಟೆಲಿನಲ್ಲಿ ಒಗ್ಗರಣೆ ಬೇಕೇ ಎಂದು ಕೇಳಿದಾಗ ನಕ್ಕಿದ್ದೆ. ನಮ್ಮಲ್ಲಿ ಒಗ್ಗರಣೆ ಸಾರಿಗೆ ಹಾಕುವುದು, ಇಲ್ಲಿ ನೆನೆಸಿದ ಮಂಡಕ್ಕಿಯ ತಿಂಡಿಯ ಹೆಸರೇ ಅದು, ಜೊತೆಗೆ ಮಿರ್ಚಿ ಬಜ್ಜಿ. ಮನೆಯೊಡತಿ ದಿನಾ “ಅನ್ನಂ ತಿನ್ನಾವಾ” ಎಂದು ತೆಲುಗಿನಲ್ಲಿ ಊಟ ವಿಚಾರಿಸುತ್ತಿದ್ದರು. ನಾನು ತುಳುವಿನಲ್ಲಿ ಆಯಿತೆನ್ನುತ್ತಿದ್ದೆ. ತುಳುವಿನಲ್ಲಿ ಉತ್ತರಿಸಲು ಸಿಗುತ್ತಿದ್ದ ಅವಕಾಶ ಅದೊಂದೇ. ಸಂಜೆಯಾದರೆ ಸುಮ್ಮನೆ ಬಸ್ ನಿಲ್ದಾಣದವರೆಗೆ ನಡೆದು, ಮಂಗಳೂರಿಗೆ ಹೋಗಲು ಎಲ್ಲಿಲ್ಲಿ ಬಸ್ಸು ಬದಲಿಸಬೇಕೆಂದು ಮತ್ತೆ ಮತ್ತೆ ಕೇಳಿ ಬರುತ್ತಿದ್ದೆ.

ಹದಿನೈದು ದಿನದ ಮೇಲೆ ಪುನಃ ಬಾದನಹಟ್ಟಿಗೆ ಹೋದೆ. ಈ ಸಲ ಟೇಪನ್ನು ಚೀಲದಲ್ಲೇ ಬಿಟ್ಟು, ಕಟ್ಟೆಯ ಮೇಲೆ ಕುಳಿತು ಬಸಮ್ಮನನ್ನೇ ಕೇಳಿದೆ. “ಅಜ್ಜಿ, ಚಪ್ಪಲಿ ಹೊಲಿಯುವವನೂ ಪಾದದ ಅಳತೆ ತೆಗೆದುಕೊಳ್ಳುತ್ತಾನಲ್ಲ?”

“ಅದು ಬ್ಯಾರೆ, ಇದು ಬ್ಯಾರೆ. ಅವನು ನಿಂತ ಕಾಲಿಗೆ ಅಳತಿ ತಗಂತಾನ, ನಡ್ಯಾಕ. ನಿಂತ ಕಾಲಿಗೆ ಏನಾರ ಮಾಡ್ರಿ. ಮಲಗಿದ ಕಾಲು ಮಾತ್ರ ಅಳೀಬ್ಯಾಡ್ರಿ.”

ಅಷ್ಟೇ ಸಾಕಾಯಿತು. ನೀಲಾಳನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದೆ. ಹಿಮ್ಮಡಿ ನೆಲ ಬಿಡದಂತೆ ಮೊಣಕಾಲು ಬಾಗಿಸಿ ಗೋಡೆಗೆ ತಾಗಿಸಬೇಕು. ತಾಗಿದರೆ ಪಾದವನ್ನು ತುಸು ಹಿಂದೆ ಸರಿಸಿ ಇನ್ನೊಮ್ಮೆ. ನರ ಎಷ್ಟು ಹಿಗ್ಗಬಲ್ಲದೋ ಅಷ್ಟು ದೂರ ಪಾದ ಗೋಡೆಯಿಂದ ಹಿಂದೆ ಬರುತ್ತದೆ. ನಾನು ಗೋಡೆಗೂ ಬೆರಳಿಗೂ ನಡುವಿನ ನೆಲವನ್ನು ಅಳೆದೆ, ಕಾಲನ್ನಲ್ಲ. ನೀಲಾಳ ಎಡ ಹಿಮ್ಮಡಿ ಮೊದಲ ಬಾರಿಗೇ ಎದ್ದುಬಿಟ್ಟಿತು. “ಏ ನೀಲಿ, ಹಿಮ್ಮಡಿ ಊರಲೇ” ಎಂದು ಬಸಮ್ಮ ತಾವೇ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ಒತ್ತಿ ಹಿಡಿದರು. ಬಳ್ಳಾರಿಗೆ ಮರಳಿ ಲೆಕ್ಕ ತೋರಿಸಿದಾಗ, ಪುಸ್ತಕದಲ್ಲಿ ಹೀಗಿಲ್ಲವೆಂದು ಡಾಕ್ಟರು ಗೊಣಗಿದರು. “ಪುಸ್ತಕ ಬರೆದವರು ಬಾದನಹಟ್ಟಿಗೆ ಬಂದಿರಲಿಲ್ಲ ಸಾರ್” ಎಂದೆ. ಆಮೇಲೆ ಕುರುಗೋಡು, ಸಿರುಗುಪ್ಪ ಎಲ್ಲ ಕಡೆಯೂ ಮಕ್ಕಳನ್ನು ನಿಲ್ಲಿಸಿಯೇ ಅಳೆದೆ.

ವರ್ಷಗಳು ಉರುಳಿದವು. ನೀಲಾಳ ತಾಯಿ ಈರಮ್ಮ ಹತ್ತಿ ಬಿಡಿಸಲು ಹೊರಡುವ ಮೊದಲು ದಿನಾ ಮಗಳ ಪಾದವನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಒತ್ತಿ ನರ ಹಿಗ್ಗಿಸುತ್ತಿದ್ದಳು. ಹಿಮ್ಮಡಿ ಮೆಲ್ಲಗೆ ಇಳಿಯಿತು. ನನ್ನ ಚಡಪಡಿಕೆ ಮಾತ್ರ ಇಳಿಯಲಿಲ್ಲ. ಊರಿನಲ್ಲಿ ನನ್ನ ವಾರಿಜಕ್ಕ ಕಚೇರಿಯಿಂದ ಕಚೇರಿಗೆ ಅಲೆದು, ಅವರಿವರ ಕೈಕಾಲು ಹಿಡಿದು, ಕೊನೆಗೂ ನನಗೆ ಮಂಗಳೂರಿಗೆ ವರ್ಗ ಮಾಡಿಸಿದಳು. ಆದೇಶ ಕೈಗೆ ಬಂದ ದಿನ ಕುಣಿದಾಡಿದೆ. ಮರುದಿನವೇ ವಿದಾಯ ಹೇಳಲು ಬಾದನಹಟ್ಟಿಗೆ ಹೋದೆ.

ನೀಲಾಳಿಗೆ ಆಗ ಹನ್ನೆರಡು. ಅಂಗಳದಲ್ಲಿ ಓಡಿ ಬಂದವಳ ಎಡ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ.

“ಪಟ್ಟಿ ಕಟ್ಟೋದು ಬಿಟ್ಟಿರೇನು?” ಎಂದು ಈರಮ್ಮನ ಮೇಲೆ ರೇಗಿದೆ.

“ಒಂದು ದಿನಾನೂ ಬಿಟ್ಟಿಲ್ರೀ ಅಕ್ಕಾ. ಏನ್ ಮಾಡ್ಲಿ, ಹುಡುಗಿ ಒಮ್ಮಿಗೇ ಬೆಳ್ಯಾಕತ್ತೈತಿ. ಈ ವರ್ಷ ಎರಡು ಸಲ ಲಂಗದ ಮಡಿಕೆ ಬಿಚ್ಚೀನಿ.”

ಬಸಮ್ಮ ನನ್ನ ಮುಖ ನೋಡಿ ಕೇಳಿದರು. “ನೀವು ಹೋದ ಮ್ಯಾಲೆ ಯಾರು ಬರ್ತಾರವ್ವಾ?”

ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಇಷ್ಟು ವರ್ಷದ ಕೆಲಸ ನೀರುಪಾಲಾಗುವ ಹೊತ್ತಿಗೇ ವರ್ಗ ಬಂದಿತ್ತು. ಅಳು ಬಂತು, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ವರ್ಗ ಬೇಡವೆಂದು ಬರೆದುಕೊಟ್ಟೆ. ಅಕ್ಕ ಫೋನಿನಲ್ಲಿ, “ಯಾರದೋ ಮಗುವಿನ ಕಾಲಿಗೆ ನಿನ್ನ ಕಾಲು ಕಟ್ಟಿಕೊಂಡು ಕೂತೆಯಲ್ಲ. ಆ ಹುಡುಗಿ ಬೆಳೆದು ಮುಗಿಯುವುದು ಯಾವಾಗ?” ಎಂದು ಅತ್ತಳು. “ಮುಗಿದ ದಿನವೇ ಹೊರಡುತ್ತೇನೆ” ಎಂದು ಮಾತು ಕೊಟ್ಟೆ.

ನೀಲಾಳನ್ನು ಬಳ್ಳಾರಿಗೆ ಕರೆಸಿ ಪ್ಲಾಸ್ಟರ್ ಹಾಕಿಸಿದೆವು. ಬಿಚ್ಚಿ, ನರ ಹಿಗ್ಗಿದಷ್ಟು ಪಾದ ಎತ್ತಿ, ಮತ್ತೆ ಹಾಕಿಸಿದೆವು. ಆ ದಿನಗಳಲ್ಲಿ ಅವಳು ನನ್ನ ಕೋಣೆಯಲ್ಲೇ ಇದ್ದಳು, ಮನೆಯೊಡತಿಯಿಂದ ತೆಲುಗು ಕಲಿತಳು, ನನ್ನಿಂದ ತುಳುವಿನ ಬೈಗುಳ. ಅವಳಿಗೆ ಜಾಗ ಬೇಕೆಂದು ಟ್ರಂಕು ಖಾಲಿ ಮಾಡಿ ಅಟ್ಟಕ್ಕೆ ಹಾಕಿದೆ. ಜೋಳದ ರೊಟ್ಟಿ ಬಡಿಯುವುದನ್ನು ನನಗೆ ಕಲಿಸಿದವಳು ಅವಳೇ. ಹಿಮ್ಮಡಿ ಕತ್ತರಿಯಿಲ್ಲದೆ ಇಳಿಯಿತು.

ಕಳೆದ ವಾರ ಬಾದನಹಟ್ಟಿಗೆ ಹೋಗಿದ್ದೆ. ನೀಲಾಳಿಗೆ ಈಗ ಹದಿನೇಳು, ನನಗಿಂತ ಎತ್ತರ. ಲಂಗದ ಮಡಿಕೆ ಬಿಚ್ಚದೆ ವರ್ಷದ ಮೇಲಾಯಿತೆಂದು ಈರಮ್ಮ ಹೇಳಿದಳು. ಹುಡುಗಿ ಹೇಳಿಸಿಕೊಳ್ಳದೆ ಗೋಡೆಗೆ ಮುಖಮಾಡಿ ನಿಂತಳು. ಮೊಣಕಾಲು ಗೋಡೆಗೆ ತಾಗಿತು, ಹಿಮ್ಮಡಿ ನೆಲ ಕಚ್ಚಿಕೊಂಡೇ ಇತ್ತು. ನೆಲ ಅಳೆದೆ. ಹೋದ ಸಲದಷ್ಟೇ, ಅದರ ಹಿಂದಿನ ಸಲದಷ್ಟೇ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬೆಳೆದು ಮುಗಿಯಿತು ಎಂದು ಹೇಳಿದರೆ ಅವರ ಭಾರ ಇಳಿಯುತ್ತಿತ್ತು, ಅಕ್ಕನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಈ ಗಳಿಗೆಗಾಗಿಯೇ ಇಷ್ಟು ವರ್ಷ ಒದ್ದಾಡಿದವಳು ನಾನು. ಆದರೆ ನೆಲದ ಮೇಲೆ ಕುಳಿತಿದ್ದ ನನಗೆ ಇವಳು ಇನ್ನೂ ಒಂದಿಷ್ಟು ಬೆಳೆಯಬಾರದಿತ್ತೇ ಎನಿಸಿತು.

“ಏನಂತೀರವ್ವಾ? ಆತೇನು?” ಎಂದರು ಬಸಮ್ಮ.

“ಕಾಲು ಚಲೋ ಐತಿ ಅಜ್ಜಿ, ಇನ್ನ ಹೆದರಿಕಿ ಇಲ್ಲ” ಎಂದೆ. ಆಮೇಲೆ ತಡೆಯಲಾಗದೆ ಸೇರಿಸಿದೆ. “ಆದ್ರೂ ಇನ್ನೊಂದು ವರ್ಷ ಬಂದು ನೋಡ್ತೀನಿ.”

ನೋಡಲು ಏನೂ ಉಳಿದಿರಲಿಲ್ಲ.