ತಾನಾಗಿ ಸರಿದ ಬಾಣ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಅವಳ ಕೈ ಎಂದೂ ನಡುಗಿದ್ದಿಲ್ಲ. ನಡುಗುತ್ತಿದ್ದದ್ದು ಎದೆ. ಒಂದು ಕಾಲಕ್ಕೆ ಕಚೇರಿಯ ಟೈಪಿಸ್ಟ್ ಆಗಿದ್ದ ಅಮ್ಮ, ಮರೆವು ಹತ್ತಿದ ಮೇಲೆ ಒಂದು ಮಧ್ಯಾಹ್ನ ಮನೆಯಿಂದ ಹೊರಬಿದ್ದು ಲಾರಿಗಳ ನಡುವೆ ನಿಂತುಬಿಟ್ಟಿದ್ದಳು. ಅಂದಿನಿಂದ ಮಗಳು ಜೀವ ಕೈಯಲ್ಲಿ ಹಿಡಿದೇ ಕೆಲಸಕ್ಕೆ ಬರುತ್ತಿದ್ದಳು.

ಕೊನೆಗೆ ಅವಳೇ ಒಂದು ಏರ್ಪಾಟು ಮಾಡಿದಳು. ಮಲಗುವ ಕೋಣೆಯ ಹಳೇ ಕಂಪ್ಯೂಟರಿಗೆ ಬಾಗಿಲಿನ ಬೀಗವನ್ನೂ ಹಜಾರದ ಕ್ಯಾಮೆರಾವನ್ನೂ ಜೋಡಿಸಿ, ಅದಕ್ಕೆ ಸರ್ವರ್ ಎಂಬ ಭಾರೀ ಹೆಸರಿಟ್ಟಳು. ಅಂಗಡಿಯಲ್ಲಿ ಬ್ರೌಸರ್ ತೆರೆದು ಪಾಸ್‌ವರ್ಡ್ ಹೊಡೆದರೆ ಮನೆಯ ಪರದೆ ಇದ್ದಹಾಗೇ ಇಲ್ಲಿ ಕಾಣುತ್ತಿತ್ತು. ಇಲ್ಲಿ ಮೌಸ್ ಆಡಿಸಿದರೆ ಅಲ್ಲಿನ ಬಾಣ ಓಡಾಡುತ್ತಿತ್ತು. ಬೆಳಿಗ್ಗೆ ಹೊರಡುವಾಗ ಅಲ್ಲಿನ ಪರದೆ ಆರಿಸಿ, ಮೌಸು ಕೀಬೋರ್ಡು ಕಪಾಟಿನಲ್ಲಿಟ್ಟು ಬರುವುದು ವಾಡಿಕೆ.

ಗಲ್ಲಾದಲ್ಲಿ ಕೂರುವ ಅಕ್ಕ ಮಾತ್ರ ತಲೆಗೆ ಹುಳ ಬಿಟ್ಟಿದ್ದಳು.

"ನೀನು ಹೋಗೋ ದಾರೀಲಿ ಕಳ್ಳನೂ ಹೋಗಬಹುದು ಕಣೇ. ಪಾಸ್‌ವರ್ಡ್ ಏನಿಟ್ಟಿದ್ದೀಯ?"

"ಅಮ್ಮನ ಹೆಸರು."

"ಚೆನ್ನಾಗಿದೆ. ಬೀಗದಕೈನ ಬಾಗಿಲಿಗೇ ನೇತುಹಾಕಿದ ಹಾಗಾಯ್ತು."

ಇವತ್ತು ನಾಳೆ ಎನ್ನುತ್ತಾ ಅವಳು ಅದನ್ನು ಬದಲಿಸಲೇ ಇಲ್ಲ.

ಆ ದಿನ ಊಟದ ಹೊತ್ತಿಗೆ ಅವಳು ಬ್ರೌಸರ್ ತೆರೆದಳು. ಕೈ ಮೌಸಿನ ಮೇಲಿರಲಿಲ್ಲ, ಆದರೂ ಬಾಣ ತಾನಾಗಿ ಸರಿಯುತ್ತಿತ್ತು. ಕ್ಯಾಮೆರಾದ ಚಿತ್ರದಲ್ಲಿ ಅಮ್ಮನ ಕುರ್ಚಿ ಖಾಲಿ. ಬಾಣ ತಡವರಿಸುತ್ತಾ ಪರದೆಯ ಮೇಲಿನ ಬೀಗ ತೆಗೆಯುವ ಗುಂಡಿಯತ್ತ ಹೋಯಿತು. ಅವಳು ಮೌಸ್ ಹಿಡಿದು ಈಚೆಗೆಳೆದಳು. ಅದು ಮತ್ತೆ ಹೋಯಿತು. ಮತ್ತೆ ಎಳೆದಳು.

"ಅಕ್ಕಾ, ಯಾರೋ ಒಳಗೆ ಬಂದಿದಾರೆ. ಬಾಗಿಲು ತೆಗೀತಿದಾರೆ."

"ಅಮ್ಮಂಗೆ ಫೋನ್ ಮಾಡು ಮೊದಲು."

ಫೋನ್ ರಿಂಗಾಗುತ್ತಲೇ ಇತ್ತು. ಅಮ್ಮ ಎತ್ತಲಿಲ್ಲ.

ಅಷ್ಟರಲ್ಲಿ ಬಾಣ ನಿಂತಿತು. ಬೆಳಿಗ್ಗೆ ಏನೋ ಬರೆದು ತೆರೆದೇ ಬಿಟ್ಟಿದ್ದ ಪುಟದಲ್ಲಿ ಪಟಪಟನೆ ಅಕ್ಷರಗಳು ಮೂಡತೊಡಗಿದವು.

"ಯಾರು ನೀವು? ದಯವಿಟ್ಟು ಎಳೆಯಬೇಡಿ. ನನ್ನನ್ನು ಒಳಗೆ ಕೂಡಿಹಾಕಿದ್ದಾರೆ. ಬಾಗಿಲು ತೆಗೆಯಿರಿ."

ಒಂದೂ ತಪ್ಪಿರಲಿಲ್ಲ. ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಟೈಪ್ ಮಾಡುವವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಬೆಳಿಗ್ಗೆ ತಾನು ಅವಸರದಲ್ಲಿ ಪರದೆ ಆರಿಸದೆ, ಮೌಸು ಕೀಬೋರ್ಡು ಎತ್ತಿಡದೆ ಓಡಿಬಂದದ್ದು ಆಗ ನೆನಪಾಯಿತು. ಕಳ್ಳನಲ್ಲವಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಮ್ಮನೂ ಅಲ್ಲಿ ಒಬ್ಬಳೇ ಕೂತು ಇದೇ ಬಾಣಕ್ಕೆ ಹೆದರುತ್ತಿದ್ದಳು.

ಅವಳು ಟೈಪ್ ಮಾಡಿದಳು: "ಹೆದರಬೇಡಮ್ಮ. ನಾನು, ನಿನ್ನ ಮಗಳು. ಬೀಗ ಹಾಕಿದ್ದು ನಾನೇ."

ಅಲ್ಲಿಂದ ಉತ್ತರ ಬಂತು.

"ಸುಳ್ಳು. ನನ್ನ ಮಗಳು ಅಂಥವಳಲ್ಲ. ಅವಳು ಬರುವುದರೊಳಗೆ ಹೊರಟುಹೋಗಿ. ಬಲು ಪುಕ್ಕಲಿ, ಹೆದರಿಬಿಡುತ್ತಾಳೆ."

ಬಾಣ ಮತ್ತೆ ಗುಂಡಿಯ ಕಡೆ ಹೊರಟಿತು. ಹೊರಗೆ ಲಾರಿಗಳಿದ್ದವು. ಎಂದೂ ನಡುಗದ ಕೈ ಗಡಗಡ ನಡುಗುತ್ತಿದ್ದರೂ ಅವಳು ಅದನ್ನು ಎಳೆದು ಹಿಡಿದಳು.

"ಅಕ್ಕಾ, ಅಲ್ಲಿರೋದು ಅಮ್ಮನೇ. ಈ ಮೌಸ್ ಹಿಡ್ಕೊಳ್ಳಿ. ನಾನು ಮನೆ ಮುಟ್ಟೋವರೆಗೂ ಗುಂಡಿ ಹತ್ರ ಬಿಡಬೇಡಿ."

"ಯಾರು ಅಂತ ಮತ್ತೆ ಕೇಳಿದ್ರೆ ಏನು ಹೇಳ್ಲೇ?"

ಬಾಗಿಲಲ್ಲಿ ಅವಳು ಒಂದು ಕ್ಷಣ ನಿಂತಳು.

"ಕಳ್ಳ ಅಂತಲೇ ಹೇಳಿ," ಎಂದು ಬರಿಗಾಲಲ್ಲಿ ಓಡಿದಳು.